ದಕ್ಷಿಣ ಮೇಲಿದ್ದ ನಕ್ಷೆ

ಮೂರು ಅಟ್ಲಾಸ್‌ಗಳನ್ನೂ ಬಿಡಿಸಿಟ್ಟ ಮೇಲೆ ಕೌಂಟರಿನಲ್ಲಿ ಒಂದು ಪೆನ್ನು ಇಡಲೂ ಜಾಗ ಉಳಿಯಲಿಲ್ಲ. ಅಂಗಡಿಯಾಕೆ ಬಿಲ್ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಈ ಗಿರಾಕಿ ಇದೇ ಕೆಲಸಕ್ಕೆ ಈ ತಿಂಗಳಲ್ಲಿ ಬಂದದ್ದು ನಾಲ್ಕನೇ ಸಲ ಎಂಬುದನ್ನು ಬಾಯಿಬಿಟ್ಟು ಹೇಳದೆ ಮುಖದಲ್ಲೇ ಹೇಳುತ್ತಾ ನಿಂತಿದ್ದಳು. ಅವಳದು ದುರ್ಬೀನು, ಟೆಲಿಸ್ಕೋಪು, ಕಂಪಾಸು ಮಾರುವ ಅಂಗಡಿ. ಪುಸ್ತಕಗಳಿದ್ದದ್ದು ಒಂದೇ ಕಪಾಟು, ಅದರಲ್ಲಿ ಚಂದ್ರನದು ಒಂದೇ ಸಾಲು.

"ನಿಧಾನವಾಗಿ ನೋಡಿ. ಚಂದ್ರ ಎಲ್ಲೂ ಓಡಿ ಹೋಗಲ್ಲ" ಎಂದಳು.

ಹಲ್ಲಿನ ಮೇಸ್ತ್ರಿ ನಗಲಿಲ್ಲ. ಅವನು ಕಟ್ಟುಹಲ್ಲು ಮಾಡುವವನು. ಊರಿನ ಆರು ಜನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಇವನ ಲ್ಯಾಬಿಗೆ ಕಳಿಸುತ್ತಿದ್ದರು. ಇವನು ಆ ಬಾಯಿಗಳ ಒಡೆಯರನ್ನು ಒಮ್ಮೆಯೂ ನೋಡದೆ ಅವರಿಗೆ ಅಗಿಯುವ, ನಗುವ ಅನುಕೂಲ ಮಾಡಿ ಕೊಡುತ್ತಿದ್ದ. ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಇದ್ದೇ ಇರುತ್ತಿತ್ತು. ಆ ಬಿಳಿ ಹತ್ತಬಾರದೆಂದು ಪುಟಗಳನ್ನು ಅಂಗೈ ಅಂಚಿನಿಂದ ತಿರುವುತ್ತಿದ್ದ.

ಮೊದಲನೆಯದು ಬರೀ ಫೋಟೋಗಳದು. ಚಂದ್ರನ ಸುತ್ತ ತಿರುಗುವ ನೌಕೆಗಳು ತೆಗೆದವು. ಸಾಸಿವೆಯಷ್ಟು ಕುಳಿಯೂ ಕಾಣುತ್ತಿತ್ತು, ಆದರೆ ಕಣ್ಣಿಗೆ ಯಾವುದು ಮುಖ್ಯ ಯಾವುದು ಅಲ್ಲ ಎಂದು ತಿಳಿಯುತ್ತಿರಲಿಲ್ಲ. ಎರಡನೆಯದು ಕೈಯಿಂದ ಬಿಡಿಸಿದ್ದು, ನೆರಳು ಬೆಳಕು ಬಹಳ ಚೆಂದ, ಆದರೆ ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಇಪ್ಪತ್ತೆಂಟು ಹಾಳೆ, ಸುರುಳಿ ಬೈಂಡು, ಮಂಜಿಗೆ ಹಾಳಾಗದಂತೆ ಪ್ರತಿ ಹಾಳೆಗೂ ಪ್ಲಾಸ್ಟಿಕ್ ಹೊದಿಕೆ, ದಪ್ಪ ಅಕ್ಷರ. ಹಿಂದೆ ಸಾವಿರದ ಇನ್ನೂರು ಹೆಸರುಗಳ ಪಟ್ಟಿ.

"ನಿಮ್ಮ ಟೆಲಿಸ್ಕೋಪ್ ಯಾವುದು?" ಎಂದು ಅಂಗಡಿಯಾಕೆ ಕೇಳಿದಳು.

"ಕನ್ನಡಿದು. ಆರಿಂಚು. ನಾವೇ ಉಜ್ಜಿ ಮಾಡ್ಕೊಂಡಿದ್ದು."

"ಹಾಗಾದ್ರೆ ನಿಮಗೆ ಚಂದ್ರ ತಲೆಕೆಳಗಾಗಿ ಕಾಣತ್ತೆ. ಈ ಮೂರರಲ್ಲೂ ಉತ್ತರ ಮೇಲಿದೆ, ನೋಡ್ಕೊಳ್ಳಿ. ಹಳೇ ಅಟ್ಲಾಸ್‌ನಲ್ಲಿ ನಿಮ್ಮಂಥೋರಿಗೆ ಅಂತಾನೇ ದಕ್ಷಿಣ ಮೇಲೆ ಹಾಕ್ತಿದ್ರು. ಈಗ ಯಾರೂ ಹಾಕಲ್ಲ."

"ಅದೇನು ಮಹಾ? ಪುಸ್ತಕ ತಿರುಗಿಸಿ ಹಿಡಿದ್ರೆ ಆಯ್ತು" ಎಂದ ಮೇಸ್ತ್ರಿ.

ಈ ಮಾತನ್ನು ಅವನು ಎಷ್ಟು ಸಲೀಸಾಗಿ ಆಡಿದನೆಂದರೆ, ಆಮೇಲೆ ಎಷ್ಟೋ ದಿನ ಅದೇ ಮಾತು ಅವನ ಕಿವಿಯಲ್ಲಿ ಕೂತು ಅಣಕಿಸಿತು. ಪಾಪ, ಅವನ ಕಸುಬೇ ಅಂಥದ್ದು. ಅಚ್ಚಿನಲ್ಲಿ ಹಲ್ಲು ಇರುವ ಕಡೆ ಗುಂಡಿ, ಗುಂಡಿ ಇರುವ ಕಡೆ ಹಲ್ಲು. ಬಾಯಿಯ ಬಲಭಾಗ ಮೇಜಿನ ಮೇಲೆ ಎಡಕ್ಕೆ. ಮೂವತ್ತು ವರ್ಷ ಹಿಂದುಮುಂದಾದದ್ದನ್ನು ಕೈಯಲ್ಲಿ ಹಿಡಿದೇ ಅನ್ನ ತಿಂದವನು ಅವನು. ಒಂದು ನಕ್ಷೆಯನ್ನು ತಲೆಯೊಳಗೆ ತಿರುಗಿಸಿಕೊಳ್ಳಲಾಗದ ಮನುಷ್ಯನೂ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಮೂರನೆಯದನ್ನೇ ಕಟ್ಟಿಸಿಕೊಂಡ.

ಅದು ಅವನಿಗಲ್ಲ, ಕಂಡಕ್ಟರಿಗೆ.

ಕಂಡಕ್ಟರು ಇಪ್ಪತ್ತೆರಡು ವರ್ಷದ ಕೆಳಗೆ ಎರಡು ಕಟ್ಟುಹಲ್ಲು ಸಡಿಲವಾಗಿದೆಯೆಂದು ವೈದ್ಯರನ್ನು ಬಿಟ್ಟು ನೇರವಾಗಿ ಲ್ಯಾಬಿಗೇ ಬಂದಿದ್ದರು. ಕಾಯುತ್ತಾ ನಿಂತವರು ಒದ್ದೆ ಪ್ಲಾಸ್ಟರಿನ ತಟ್ಟೆಗೆ ಜೇಬಿನ ಚಿಲ್ಲರೆಯನ್ನು ಒಂದೊಂದಾಗಿ ಬೀಳಿಸಿ, ಬಿದ್ದ ಕುಳಿಗಳನ್ನು ನೋಡಿ, "ಇದು ಚಂದ್ರ ಆಯ್ತಲ್ರೀ" ಎಂದಿದ್ದರು. ಒಂದು ತಟ್ಟೆ ಪ್ಲಾಸ್ಟರು ಹಾಳಾಯಿತು, ಒಂದು ಸ್ನೇಹ ಶುರುವಾಯಿತು. ಇವನಿಗೆ ಹಲ್ಲಿನ ಮೇಸ್ತ್ರಿ ಎಂದು ಹೆಸರಿಟ್ಟವರೂ ಅವರೇ. ಇಬ್ಬರೂ ಸೇರಿ ಒಂದು ವರ್ಷ ದಪ್ಪ ಗಾಜನ್ನು ಉಜ್ಜಿ ಟೆಲಿಸ್ಕೋಪಿನ ಕನ್ನಡಿ ಮಾಡಿದರು. ಆಮೇಲೆ ಎಲ್ಲಿಂದಲೋ ಕಂಡಕ್ಟರು ಒಂದು ಹಳೆಯ ಅಟ್ಲಾಸ್ ತಂದರು. ನೀಲಿ ರಟ್ಟು, ದಕ್ಷಿಣ ಮೇಲೆ.

ಅವರು ಕೆಲಸ ಮಾಡುತ್ತಿದ್ದ ರೀತಿ ಹೀಗೆ: ಸಂಜೆ ಕಂಡಕ್ಟರ ಮನೆಯ ತಾರಸಿಯ ಮೇಲೆ ಮೇಸ್ತ್ರಿ ಟೆಲಿಸ್ಕೋಪಿಗೆ ಕಣ್ಣಿಟ್ಟು ಕಂಡದ್ದನ್ನು ಹೇಳುವುದು, ಕಂಡಕ್ಟರು ಮಡಿಸುವ ಮೇಜಿನ ಮೇಲೆ ಅಟ್ಲಾಸ್ ಇಟ್ಟುಕೊಂಡು ಬೆರಳಾಡಿಸಿ ಹೆಸರು ಕೂಗುವುದು. ಬೆಳಕು ನೆರಳು ಕೂಡುವ ಗೆರೆಯ ಉದ್ದಕ್ಕೂ, ಮೇಲಿಂದ ಕೆಳಕ್ಕೆ. ಬಸ್ಸಿನಲ್ಲಿ ಮೂವತ್ತೈದು ವರ್ಷ ಸ್ಟಾಪು ಕೂಗಿದ ಗಂಟಲು ಅದು. "ಕ್ಲೇವಿಯಸ್, ಕ್ಲೇವಿಯಸ್ ಇಳಿಯೋರು ಮುಂದೆ ಬನ್ನಿ. ಟೈಕೋ. ಪುರ್ಬಾಖ್. ಅರ್ಜಾಖೆಲ್, ಅಲ್ಫಾನ್ಸಸ್, ಟಾಲೆಮಿ, ಮೂರೂ ಹತ್ತಿರ ಹತ್ತಿರ, ಒಂದೇ ಟಿಕೆಟ್." ಕೆಳಗಿನ ಮನೆಯವರು ಮೊದಮೊದಲು ಮೂಗು ಮುರಿದರು, ಆಮೇಲೆ ಅವರ ಮಕ್ಕಳೇ ಆ ಹೆಸರುಗಳನ್ನು ಕೂಗುತ್ತಾ ಮೆಟ್ಟಿಲು ಇಳಿಯುತ್ತಿದ್ದರು.

ಈಗ ಒಂದೂವರೆ ವರ್ಷದಿಂದ ಕಂಡಕ್ಟರಿಗೆ ಮರೆವು. ಮೊದಲು ಕನ್ನಡಕ, ಆಮೇಲೆ ಬೀಗದ ಕೈ, ಆಮೇಲೆ ಸ್ವಂತ ಬೀದಿ. ಕಳೆದ ತಿಂಗಳು ಹಾಲು ತರಲು ಹೋದವರು ಮಧ್ಯಾಹ್ನದವರೆಗೂ ಬರಲಿಲ್ಲ. ಡಿಪೋದಲ್ಲಿ ರಿಪೇರಿಗೆ ನಿಂತ ಬಸ್ಸಿನೊಳಗೆ, ಹಿಂಬಾಗಿಲ ಪಕ್ಕದ ಸೀಟಿನಲ್ಲಿ, ಹಾಲಿನ ಪ್ಯಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಮೆಕ್ಯಾನಿಕ್ಕು ಎಬ್ಬಿಸಿದರೆ, "ಡ್ರೈವರ್ ಬರಲಿ" ಎಂದರಂತೆ.

"ಉಂಡಿದ್ದು ನೆನಪಿರಲ್ಲ, ಮಗಳ ಹೆಸರು ನನ್ನನ್ನ ಕೇಳ್ತಾರೆ" ಎಂದಿದ್ದರು ಅವರ ಹೆಂಡತಿ. ಮೇಸ್ತ್ರಿ ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ. "ಆದ್ರೆ ಆ ನೀಲಿ ಪುಸ್ತಕ ಕೈಗೆ ಕೊಟ್ರೆ ಒಂದು ಸ್ಟಾಪೂ ತಪ್ಪಲ್ಲ. ಡಾಕ್ಟ್ರು ಹೇಳಿದ್ರು, ಅದನ್ನ ಬಿಡಿಸಬೇಡಿ ಅಂತ. ಪುಸ್ತಕ ನೋಡಿದ್ರೆ ಹಪ್ಪಳ ಆಗಿದೆ. ಒಂದು ಒಳ್ಳೇದು, ದೊಡ್ಡ ಅಕ್ಷರದ್ದು ತಂದುಕೊಡಿ, ನಿಮಗೇ ಗೊತ್ತಾಗೋದು."

ಭೂಮಿಯ ಮೇಲೆ ಎಲ್ಲಿ ಬಿಟ್ಟರೂ ದಾರಿ ತಪ್ಪುವ ಮನುಷ್ಯ ಚಂದ್ರನ ಮೇಲೆ ಮಾತ್ರ ತಪ್ಪುತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಿದ್ದದ್ದು ಅಷ್ಟು. ರೋಗಕ್ಕೆ ತಾನೇನೂ ಮಾಡಲಾರೆ, ಪುಸ್ತಕವನ್ನಾದರೂ ಸರಿಯಾಗಿ ಆರಿಸೋಣ ಎಂದು ಮೂರು ವಾರ ತಲೆ ಕೆಡಿಸಿಕೊಂಡ. ಲ್ಯಾಬಿನಲ್ಲಿ ಒಬ್ಬ ಮುದುಕಿಯ ಹಲ್ಲಿನ ಸೆಟ್ಟು ಹತ್ತು ದಿನ ತಡವಾಗಿ, ವೈದ್ಯರಿಂದ ಬೈಸಿಕೊಂಡ.

ಹೊಸದನ್ನು ಕೊಂಡ ದಿನವೇ ಹಳೆಯದನ್ನು ಮನೆಗೆ ತಂದುಕೊಂಡ. ಬೆನ್ನು ಬಿಟ್ಟಿತ್ತು, ಇಪ್ಪತ್ತು ವರ್ಷದ ಮಂಜು ಕುಡಿದು ಪುಟಗಳು ಒಂದಕ್ಕೊಂದು ಹತ್ತಿಕೊಂಡಿದ್ದವು, ಅಂಚಿನಲ್ಲಿ ಹಸಿರು ಬೂಸ್ಟು. ಟೆಲಿಸ್ಕೋಪು ಇಟ್ಟುಕೊಂಡವರಿಗೆ ಕಳ್ಳರಿಗಿಂತ ಬೂಸ್ಟಿನ ಭಯ ಹೆಚ್ಚು. ಪುಸ್ತಕದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕನ್ನಡಿಗೆ ಹಬ್ಬಿತೆಂದರೆ ಒಂದು ವರ್ಷ ಉಜ್ಜಿದ್ದು ನೀರಿನಲ್ಲಿ ಹೋಮ. ಎರಡು ದಿನ ಬಿಸಿಲಿಗಿಟ್ಟ, ವಾಸನೆ ಹೋಗಲಿಲ್ಲ. ಮೂರನೆಯ ದಿನ ರದ್ದಿಯವನು ಬಾಗಿಲಿಗೆ ಬಂದಾಗ ಹಳೆಯ ಪೇಪರಿನ ಜೊತೆ ಅದನ್ನೂ ತಕ್ಕಡಿಗೆ ಹಾಕಿದ. ಕನ್ನಡಿ ಉಳಿಯಿತೆಂದು ನಿಟ್ಟುಸಿರು ಬಿಟ್ಟ.

ಅದಾಗಿ ಎರಡು ದಿನಕ್ಕೆ ಅರ್ಧಚಂದ್ರ. ಸೂರ್ಯ ಮುಳುಗಿ ಇನ್ನೂ ಅಕ್ಷರ ಕಾಣುವಷ್ಟು ಬೆಳಕಿತ್ತು. ಕಂಡಕ್ಟರು ಹೊಸ ಪುಸ್ತಕವನ್ನು ಮೂಸಿದರು, ಅಂಗೈಯಿಂದ ಸವರಿದರು.

"ಒಳ್ಳೇ ಗಾಡಿ. ಹೊಸ ಬಾಡಿ" ಎಂದರು.

"ಮಂಜು ಬಿದ್ರೂ ಏನಾಗಲ್ಲ ಕಂಡಕ್ಟ್ರೇ. ಒರೆಸಿದ್ರೆ ಆಯ್ತು. ಹೊರಡೋಣವಾ?"

ಅವರು ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಡಬಲ್ ಬೆಲ್, ಬಸ್ಸು ಹೊರಡಬಹುದು. ಮೇಸ್ತ್ರಿ ಕಣ್ಣಿಟ್ಟ. ಚಂದ್ರ ನಡುಗುತ್ತಾ ಬಂದು ನಿಂತ.

"ಮೇಲ್ತುದೀಲಿ, ಕುಳಿ ಮೇಲೆ ಕುಳಿ, ಉಸಿರು ಬಿಡೋಕೂ ಜಾಗ ಇಲ್ಲ" ಎಂದ. ಇದು ಎಂದಿನ ಮೊದಲ ಸ್ಟಾಪು, ಕೇಳಬೇಕಾಗಿಯೂ ಇರಲಿಲ್ಲ.

ಮೇಸ್ತ್ರಿ ತಿರುಗಿ ನೋಡಿದ. ಕಂಡಕ್ಟರ ಬೆರಳು ಪೂರ್ಣಚಂದ್ರನ ಹಾಳೆಯ ಮೇಲ್ತುದಿಯಲ್ಲಿ ನಿಂತಿತ್ತು. ಅಲ್ಲಿ ಸಪಾಟಾದ ಬೂದು ಬಯಲು, ಪಕ್ಕದಲ್ಲಿ ಪ್ಲೇಟೋ.

"ಪ್ಲೇಟೋ" ಎಂದು ಓದಿದರು. "ಇದು ಕೊನೇ ಸ್ಟಾಪಲ್ವಾ?"

ಮೇಸ್ತ್ರಿಗೆ ಆಗಲೂ ಗಾಬರಿಯಾಗಲಿಲ್ಲ. ಬಂದು ಪುಸ್ತಕವನ್ನು ತಿರುಗಿಸಿಟ್ಟ. "ನೋಡಿ, ಈಗ ಸರಿ ಹೋಯ್ತು. ಕ್ಲೇವಿಯಸ್ ಮೇಲೆ ಬಂತು."

ಕ್ಲೇವಿಯಸ್ಸೇನೋ ಮೇಲೆ ಬಂತು, ಅಕ್ಷರಗಳು ತಲೆ ಕೆಳಗೆ ಮಾಡಿ ನಿಂತವು. ಕಂಡಕ್ಟರು ಕತ್ತು ಓರೆ ಮಾಡಿದರು. ಆಗಲಿಲ್ಲ. ಮೈಯನ್ನೇ ಓರೆ ಮಾಡಿದರು. ಆಮೇಲೆ ಎದ್ದು, ಮೇಜಿಗೆ ಸುತ್ತು ಹಾಕಿ ಆಚೆ ಬದಿಗೆ ಹೋಗಿ ಬಗ್ಗಿದರು. ಈಗ ಅಕ್ಷರ ನೆಟ್ಟಗಾಯಿತು, ಚಂದ್ರ ಮತ್ತೆ ಹಿಂದುಮುಂದಾಯಿತು. ಮತ್ತೆ ಈಚೆ ಬಂದರು. ಮತ್ತೆ ಆಚೆ ಹೋದರು. ಮೂರನೆಯ ಸುತ್ತಿಗೆ ಅವರಿಗೆ ಏದುಸಿರು ಬಂತು, ಮೇಸ್ತ್ರಿ ತೋಳು ಹಿಡಿದ.

"ಕೂತ್ಕೊಳ್ಳಿ. ನಾನು ತೋರಿಸ್ತೀನಿ."

"ರೂಟ್ ಬದಲಾಯಿಸಿದ್ದು ಯಾರು?"

"ಯಾರೂ ಬದಲಾಯಿಸಿಲ್ಲ ಕಂಡಕ್ಟ್ರೇ. ಅದೇ ಚಂದ್ರ."

"ಮೂವತ್ತೈದು ವರ್ಷ ಸರ್ವೀಸು ನಂದು. ಒಂದು ಮಾತು ಹೇಳ್ಬೇಕಿತ್ತಲ್ವಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. ಒಂದು ಗಳಿಗೆ ಪುಸ್ತಕವನ್ನು, ಒಂದು ಗಳಿಗೆ ಮೇಸ್ತ್ರಿಯನ್ನು ನೋಡಿದರು. "ನಾನಿಲ್ಲೇ ಇಳೀತೀನಿ" ಎಂದು ಎದ್ದು, ಮೆಟ್ಟಿಲು ಯಾವ ಕಡೆಯೆಂದು ತಿಳಿಯದೆ ತಾರಸಿಯ ನಡುವೆ ನಿಂತರು.

ಅತ್ತಿಗೆ ಬಂದು ಕರೆದುಕೊಂಡು ಹೋದರು. ಮೇಸ್ತ್ರಿ ಟೆಲಿಸ್ಕೋಪಿಗೆ ಬಟ್ಟೆ ಹೊದಿಸಿದ. ಆ ಮನುಷ್ಯನಿಗೆ ಉಳಿದದ್ದು ಒಂದೇ ಜಾಗ, ಅದನ್ನೂ ತಾನೇ ಕೈಯಾರೆ ತಲೆಕೆಳಗು ಮಾಡಿದೆ ಎಂದು ಅವನಿಗೆ ಆಗ ಅರ್ಥವಾಯಿತು.

ಬೆಳಗಾಗುತ್ತಲೇ ರದ್ದಿಯವನ ಗೋಡೌನಿಗೆ ಓಡಿದ. ರದ್ದಿಯವನು ಹಲ್ಲುಜ್ಜುತ್ತಾ ಹೊರಗೆ ಬಂದ.

"ನೀಲಿ ರಟ್ಟಿನ ಪುಸ್ತಕ. ಬೂಸ್ಟು ಹಿಡಿದಿತ್ತು. ನಾನೇ ಹಾಕಿದ್ದು."

"ಲೋಡು ಮೊನ್ನೇನೇ ಹೋಯ್ತು ಸ್ವಾಮಿ. ಇಷ್ಟೊತ್ತಿಗೆ ನೀರಲ್ಲಿ ಕಲಸಿ ರಟ್ಟಿನ ಡಬ್ಬ ಮಾಡಿರ್ತಾರೆ." ಮೇಸ್ತ್ರಿಯ ಮುಖ ನೋಡಿ ಅವನೇ ಪೆಚ್ಚಾದ. "ಬೇಕಾದ್ರೆ ಒಳಗೆ ಹುಡುಕಿ. ಬೇಡ ಅನ್ನಲ್ಲ."

ಇಲ್ಲವೆಂದು ಗೊತ್ತಿದ್ದೂ ಮೇಸ್ತ್ರಿ ಎರಡು ಗಂಟೆ ಹುಡುಕಿದ. ಶಾಲೆಯ ಪುಸ್ತಕ, ಮದುವೆ ಕಾಗದ, ಯಾರದೋ ಎಕ್ಸ್‌ರೇ ಕವರು ಸಿಕ್ಕಿತು. ಅಲ್ಲಿಂದಲೇ ಅಂಗಡಿಯಾಕೆಗೆ ಫೋನು ಮಾಡಿ, ದಕ್ಷಿಣ ಮೇಲಿರುವ ಹಳೆಯದು ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದ.

"ಅದು ಆಮೇಲೆ ಅಚ್ಚಾಗಿಲ್ಲ" ಎಂದಳು ಅವಳು. "ಇಟ್ಕೊಂಡೋರು ಯಾರೂ ಮಾರಲ್ಲ. ಯಾರಾದ್ರೂ ತೀರಿಕೊಂಡ್ರೆ ಅವರ ಮನೆಯವರು ತಂದುಕೊಡ್ತಾರೆ, ಅಷ್ಟೇ. ಬಂದ್ರೆ ಹೇಳ್ತೀನಿ." ಫೋನಿಡುವ ಮುಂಚೆ, "ನಾನು ಹೇಳಿದ್ದೆ ನಿಮಗೆ" ಎಂದಳು. ಹೌದು, ಹೇಳಿದ್ದಳು.

ಕಸುಬಿನವನ ಕೈ ಸುಮ್ಮನಿರುವುದಿಲ್ಲ. ಮೇಸ್ತ್ರಿ ಬಿಳಿ ಚೀಟಿಗಳ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು, ಇಕ್ಕಳದಿಂದ ಹಿಡಿದು, ಒಂದೊಂದನ್ನೇ ಹಾಳೆಯ ಮೇಲೆ ತಿರುವುಮುರುವಾಗಿ ಅಂಟಿಸಿದ. ಆ ದಾರಿಯ ಹದಿಮೂರು ಸ್ಟಾಪುಗಳಾದರೂ ಸಾಕು ಎಂದುಕೊಂಡ. ಹಲ್ಲಿಗೆ ಬಣ್ಣ ಹಚ್ಚುವಷ್ಟು ನಾಜೂಕಿನಿಂದ ಒಂದು ಮಧ್ಯಾಹ್ನ ಪೂರ್ತಿ ಕೂತು ಮಾಡಿದ. ಸಂಜೆ ಹಾಳೆ ಎತ್ತಿದರೆ ಚೀಟಿಗಳು ಪಟಪಟನೆ ಉದುರಿದವು. ಮಂಜು ಹತ್ತದ ಪ್ಲಾಸ್ಟಿಕ್ಕಿಗೆ ಅಂಟೂ ಹತ್ತಲಿಲ್ಲ. ಬೇರೆ ಅಂಟು ತಂದ, ಅದು ಕುಳಿಗಳ ಮೇಲೆ ಹಳದಿ ಕಲೆ ಮಾಡಿತು. ಚೀಟಿಗಳನ್ನು ಗುಡಿಸಿ ಪ್ಲಾಸ್ಟರಿನ ಕಸದ ಡಬ್ಬಕ್ಕೆ ಹಾಕಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತ. ಮೇಜಿನ ಮೇಲಿನ ಹಲ್ಲಿನ ಸೆಟ್ಟುಗಳೆಲ್ಲ ಬಾಯಿ ಬಿಟ್ಟುಕೊಂಡು ಇವನನ್ನೇ ನೋಡುತ್ತಿದ್ದವು.

ಭಾನುವಾರ ಮೋಡ ಕವಿದಿತ್ತು. ಮೇಸ್ತ್ರಿ ಮಧ್ಯಾಹ್ನವೇ ಕಂಡಕ್ಟರ ಮನೆಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಅತ್ತಿಗೆಗೆ ಹೇಳಿಬಿಟ್ಟ. ಬೂಸ್ಟು, ತಕ್ಕಡಿ, ಉತ್ತರ, ದಕ್ಷಿಣ. ಅವರಿಗೆ ಉತ್ತರ ದಕ್ಷಿಣದ ಗೋಳು ಪೂರ್ತಿ ತಿಳಿಯಿತೋ ಇಲ್ಲವೋ.

"ನೀವು ಬೇಕು ಅಂತ ಮಾಡಿಲ್ಲವಲ್ಲ" ಎಂದರು. ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಾನೂ ಅವರ ಹಳೇ ಚಪ್ಪಲಿ ಹರಿದಿದೆ ಅಂತ ಹೊಸದು ತಂದಿಟ್ಟೆ. ಆವತ್ತಿಂದ ಬಾಗಿಲಲ್ಲಿ ನಿಂತು ಯಾರೋ ನೆಂಟರು ಬಂದಿದಾರೆ ಅಂತಾರೆ. ಹೋಗಿ, ಕೂತಿದಾರೆ."

ಕಂಡಕ್ಟರು ಊಟದ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಮೇಸ್ತ್ರಿ ಅಟ್ಲಾಸ್ ಬಿಡಿಸಿದ. ಪೂರ್ಣಚಂದ್ರನ ಹಾಳೆ. ಪಕ್ಕದ ಕುರ್ಚಿ ಎಳೆಯಲು ಹೋದವನು ತಡೆದ. ಇಪ್ಪತ್ತೆರಡು ವರ್ಷದಲ್ಲಿ ಅವರಿಬ್ಬರೂ ಅಟ್ಲಾಸಿನ ಕೆಲಸಕ್ಕೆ ಎದುರುಬದುರು ಕೂತದ್ದೇ ಇರಲಿಲ್ಲ. ಮೇಜು ಸುತ್ತಿ ಹೋಗಿ ಎದುರಿಗೆ ಕೂತು, ಅಟ್ಲಾಸನ್ನು ತನಗೆ ನೆಟ್ಟಗೆ ಬರುವಂತೆ ಇಟ್ಟುಕೊಂಡ. ತನಗೆ ನೆಟ್ಟಗೆ ಎಂದರೆ ಅವರಿಗೆ ತಿರುವು. ಅವರ ಕಡೆಯಿಂದ ನೋಡಿದರೆ ದಕ್ಷಿಣ ಮೇಲೆ.

"ನೀವು ಅಕ್ಷರ ನೋಡಬೇಡಿ ಕಂಡಕ್ಟ್ರೇ. ಅದು ನನ್ನ ಕೆಲಸ. ನೀವು ಬರೀ ಬೆರಳಿಡಿ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಎತ್ತಿ, ಮೇಜನ್ನು ಎರಡು ಸಲ ಕುಟ್ಟಿದರು.

ಬೆರಳು ಮೇಸ್ತ್ರಿಯ ಕಡೆಯ ಅಂಚಿಗೆ ಬಂದು ಮುಟ್ಟಿತು. ಸರಿಯಾದ ಜಾಗ.

"ಕ್ಲೇವಿಯಸ್" ಎಂದು ಮೇಸ್ತ್ರಿ ಓದಿದ.

"ಕ್ಲೇವಿಯಸ್" ಎಂದು ಅವರು ಕೂಗಿದರು. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು.

ಬೆರಳು ಜಾರಿತು. ಟೈಕೋ. ಪುರ್ಬಾಖ್. ಬೆರಳಿಗೆ ದಾರಿ ಗೊತ್ತಿತ್ತು, ಬಾಯಿಗೆ ಹೆಸರು ಬರುತ್ತಿರಲಿಲ್ಲ. ಮೇಸ್ತ್ರಿ ಹೇಳಿದ್ದನ್ನು ಹಿಡಿದು ಕೂಗುತ್ತಿದ್ದರು, ಅಷ್ಟೇ. ಅದೂ ಸಾಲದೇ ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ. ಅರ್ಜಾಖೆಲ್, ಅಲ್ಫಾನ್ಸಸ್, ಟಾಲೆಮಿ. "ಒಂದೇ ಟಿಕೆಟ್" ಎಂದು ಕಂಡಕ್ಟರು ತಾವಾಗಿ ಸೇರಿಸಿದಾಗ ಮೇಸ್ತ್ರಿಗೆ ಮುಂದಿನ ಹೆಸರು ಓದಲು ತಡವಾಯಿತು. ಅತ್ತಿಗೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಬೆಟ್ಟಸಾಲು ದಾಟಿತು, ಆರ್ಕಿಮಿಡಿಸ್ ಬಂತು, ಪ್ಲೇಟೋ ಬಂತು.

"ಪ್ಲೇಟೋ. ಕೊನೇ ಸ್ಟಾಪು, ಎಲ್ಲಾ ಇಳೀರಿ" ಎಂದು ಮೇಸ್ತ್ರಿಯೇ ಹೇಳಿದ. ಎಂದೂ ಹಾಗೆ ಹೇಳಿಯೇ ಮುಗಿಸುತ್ತಿದ್ದದ್ದು.

ಬೆರಳು ನಿಲ್ಲಲಿಲ್ಲ. ಚಂದ್ರನ ಅಂಚು ದಾಟಿ, ಕಪ್ಪು ಬಣ್ಣ ದಾಟಿ, ಹಾಳೆಯ ತುದಿಯಿಂದ ಮೇಜಿನ ಮರಕ್ಕೆ ಇಳಿದು, ತನ್ನಷ್ಟಕ್ಕೆ ಅದೇ ವೇಗದಲ್ಲಿ ಕಂಡಕ್ಟರ ಎದೆಯ ಕಡೆಗೆ ಬರುತ್ತಲೇ ಇತ್ತು. ಅಲ್ಲಿ ಯಾವತ್ತೋ ಬಿಸಿ ಲೋಟ ಇಟ್ಟು ಎದ್ದ ಒಂದು ಬಿಳಿಯ ಉಂಗುರದ ಗುರುತಿತ್ತು. ಅದರ ನಡುವೆ ಬಂದು ನಿಂತಿತು.

ಕಂಡಕ್ಟರು ತಲೆಯೆತ್ತಿ ಕಾದರು.

ಮೇಸ್ತ್ರಿ ಅತ್ತಿಗೆಯ ಕಡೆ ನೋಡಿದ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಇದು ಯಾವುದು?" ಎಂದರು ಕಂಡಕ್ಟರು. "ಬೇಗ ಹೇಳು ಮೇಸ್ತ್ರಿ. ಜನ ಬಾಗಿಲಲ್ಲಿ ನಿಂತಿದಾರೆ."

ಮೇಸ್ತ್ರಿ ಅಟ್ಲಾಸಿನ ಕೊನೆಯ ಪುಟಗಳಿಗೆ ಹೋದ. ಸಾವಿರದ ಇನ್ನೂರು ಹೆಸರುಗಳ ಪಟ್ಟಿಯನ್ನು ಮೊದಲಿನಿಂದ ತೆಗೆದು, ಪ್ಲಾಸ್ಟರು ಮೆತ್ತಿದ ಉಗುರನ್ನು ಸಾಲಿನ ಮೇಲಿಟ್ಟು, ಅವರಿಬ್ಬರೂ ಇನ್ನೂ ಇಳಿಯದ ಒಂದು ಹೆಸರನ್ನು ಹುಡುಕತೊಡಗಿದ. ಆ ಬೆರಳು ಉಂಗುರದ ನಡುವೆ ಅಲ್ಲಾಡದೆ ಕಾಯುತ್ತಿತ್ತು.